ದೊಡ್ಡ ಸ್ವಾಮಿಗಳ ಎರಡು ಲೆಕ್ಕ

ವರ್ಷಕ್ಕೊಮ್ಮೆ ಧರ್ಮಕೇಂದ್ರದ ಕುಟುಂಬಗಳ ಪಟ್ಟಿಯನ್ನು ಪರಿಷ್ಕರಿಸುವ ಕೆಲಸ ನಮ್ಮ ಪಾಲಿಗೆ ಬರುತ್ತದೆ. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳ ಕಡೆ ಇದು ಸುಲಭದ ಕೆಲಸವಲ್ಲ. ಹಾಸನ, ಚಿಕ್ಕಮಗಳೂರು, ಕೋಲಾರ, ಮಂಗಳೂರು ಸೀಮೆಗಳಿಂದಲೂ ನೆರೆಯ ರಾಜ್ಯಗಳಿಂದಲೂ ಬಂದು ನೆಲೆಸಿದವರೇ ಇಲ್ಲಿ ಹೆಚ್ಚು. ಇಂದು ಈ ಬಡಾವಣೆಯಲ್ಲಿ ಬಾಡಿಗೆಗಿದ್ದವರು ನಾಳೆ ಮತ್ತೊಂದರಲ್ಲಿರುತ್ತಾರೆ. ಹಳೆಯ ಹೆಸರುಗಳನ್ನು ಹೊಡೆದು ಹೊಸ ಹೆಸರುಗಳನ್ನು ಸೇರಿಸಿ ಕೊನೆಗೊಂದು ಸಂಖ್ಯೆಯನ್ನು ಮಹಾಧರ್ಮಾಧ್ಯಕ್ಷರ ಕಚೇರಿಗೆ ಒಪ್ಪಿಸುತ್ತೇವೆ. ಧರ್ಮಸಭೆ ಎಂದರೆ ಆ ಸಂಖ್ಯೆಯೇ ಎಂಬ ಪ್ರಶ್ನೆ ಪ್ರತಿ ವರ್ಷವೂ ನಮ್ಮನ್ನು ಕಾಡುತ್ತದೆ. ಇನ್ನೂರು ವರ್ಷಗಳ ಹಿಂದೆ ನಮ್ಮ ಮೈಸೂರು ಸೀಮೆಯಲ್ಲಿ ಇದೇ ಪ್ರಶ್ನೆಯನ್ನು ಹೊತ್ತು ತಿರುಗಿದ ಗುರುವೊಬ್ಬರಿದ್ದರು. ಅವರು ಲೆಕ್ಕ ಮಾಡಿದರು, ಮಾಡಿ ಎದೆಗುಂದಿದರು, ಎದೆಗುಂದಿದ್ದನ್ನು ಮುಚ್ಚಿಡದೆ ಅಚ್ಚು ಹಾಕಿಸಿದರು. ನಮ್ಮ ಜನ ಅವರನ್ನು ದೊಡ್ಡ ಸ್ವಾಮಿಗಳೆಂದು ಕರೆದರು. ಹೊರಗಿನ ಜಗತ್ತು ಅವರನ್ನು ಅಬ್ಬೆ ದುಬುವಾ ಎಂದು ಬಲ್ಲದು.

ಅಬ್ಬೆ ಎಂಬುದು ಅವರ ಹೆಸರಲ್ಲ, ಫ್ರೆಂಚ್ ನಾಡಿನಲ್ಲಿ ಗುರುಗಳಿಗೆ ಸಲ್ಲುವ ಗೌರವಪದ. ಅದರ ಬೇರು ತಂದೆ ಎಂಬರ್ಥದ ಅಬ್ಬಾ ಎಂಬ ಅರಮಾಯಿಕ್ ಮಾತು. ನಮ್ಮ ಹಳಗನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ಹೀಗೆ ಎರಡು ಭಾಷೆಗಳ ನಡುವೆ ಅವರು ತಂದೆಯೂ ತಾಯಿಯೂ ಆದರೆಂದು ನಾವು ಕೆಲವೊಮ್ಮೆ ವಿನೋದಕ್ಕೆ ಹೇಳುವುದುಂಟು. ಅವರ ನಿಜನಾಮ ಜಾನ್ ಆಂತ್ವಾನ್ ದುಬುವಾ. ಫ್ರಾನ್ಸಿನ ದಕ್ಷಿಣ ಭಾಗದ ಸ್ಯಾನ್ ರೆಮೆಜ್ ಎಂಬ ಹಳ್ಳಿಯಲ್ಲಿ ಹುಟ್ಟಿ 1766ರಲ್ಲಿ ದೀಕ್ಷಾಸ್ನಾನ ಪಡೆದರು. ಫ್ರೆಂಚ್ ಮಹಾಕ್ರಾಂತಿ ಧರ್ಮಸಭೆಯನ್ನು ಬುಡಸಹಿತ ಅಲುಗಿಸುತ್ತಿದ್ದ 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸ್ ವಿದೇಶ ಮಿಷನ್ ಸಂಘದ ಗುರುವಾಗಿ ಭಾರತಕ್ಕೆ ಹಡಗು ಹತ್ತಿದರು. ಪುದುಚೇರಿಯಲ್ಲಿ ಇಳಿದ ಅವರು ಕೆಲವು ವರ್ಷ ತಮಿಳು ಸೀಮೆಯ ಹಳ್ಳಿಗಳಲ್ಲಿ ದುಡಿದರು. ನಾಡಿನ ಉಡುಗೆಯನ್ನು ತೊಟ್ಟು, ರುಮಾಲು ಸುತ್ತಿ, ಕೈಯಲ್ಲಿ ಕೋಲು ಹಿಡಿದು, ಇಲ್ಲಿಯ ಜನರಂತೆ ಉಂಡು, ಅವರಂತೆ ನೆಲದ ಮೇಲೆ ಮಲಗಿ ಬಾಳಿದರು. ಯೂರೋಪಿನವರ ಸಹವಾಸವನ್ನು ಬೇಕೆಂದೇ ದೂರವಿಟ್ಟರು.

ಅವರು ಮೈಸೂರಿಗೆ ಬಂದದ್ದು ಎಂಥ ಸ್ಥಿತಿಯಲ್ಲಿ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಹದಿನೇಳನೆಯ ಶತಮಾನದ ನಡುವಿನಲ್ಲಿ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿನ ಬೀಜ ಬಿತ್ತಿದ್ದರು. 1773ರಲ್ಲಿ ಜಗದ್ಗುರು ಹದಿನಾಲ್ಕನೆಯ ಕ್ಲೆಮೆಂಟರು ಯೇಸುಸಭೆಯನ್ನೇ ರದ್ದುಗೊಳಿಸಿದಾಗ ಆ ಹೊಲ ಅನಾಥವಾಯಿತು. ಅದರ ಹೊಣೆ ಪುದುಚೇರಿಯಲ್ಲಿದ್ದ ಪ್ಯಾರಿಸ್ ಸಂಘದ ಬೆರಳೆಣಿಕೆಯ ಗುರುಗಳ ಮೇಲೆ ಬಿತ್ತು. ಅದರ ಬೆನ್ನಿಗೇ 1784 ಬಂತು. 1780ರಿಂದ ಇಂಗ್ಲಿಷರೊಡನೆ ನಡೆದ ಯುದ್ಧದಲ್ಲಿ ಕೆನರಾದ ಕ್ರೈಸ್ತರು ಶತ್ರುವಿಗೆ ನೆರವಾದರೆಂಬ ಸಂದೇಹದಿಂದ ಟಿಪ್ಪು ಸುಲ್ತಾನನು ಅವರನ್ನು ಊರೂರುಗಳಿಂದ ಸೆರೆಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಸೆರೆಯಾದವರೆಷ್ಟು ಎಂಬ ವಿಷಯದಲ್ಲಿ ಲೆಕ್ಕಗಳು ಒಂದಕ್ಕೊಂದು ಹೊಂದುವುದಿಲ್ಲ. ದುಬುವಾ ಅವರೇ 60,000 ಎಂದು ಬರೆದರು. ದಾರಿಯಲ್ಲಿ ಸತ್ತವರು ಸತ್ತರು. ಉಳಿದವರು ಬಲವಂತಕ್ಕೆ ಮಣಿದು ಸುನ್ನತಿ ಮಾಡಿಸಿಕೊಂಡರು, ಹೆಸರು ಬದಲಿಸಿಕೊಂಡರು. ಹದಿನೈದು ವರ್ಷ ಅವರಿಗೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಟಿಪ್ಪುವಿನ ಆಳ್ವಿಕೆಯನ್ನು ಕುರಿತ ವಿವಾದ ಬೇರೆ ದೊಡ್ಡ ವಿಷಯ. ಅದೇ ಅರಸನು ಶೃಂಗೇರಿಯ ಮಠಕ್ಕೆ ನೆರವಿತ್ತದ್ದೂ ಇತಿಹಾಸವೇ. ಇಲ್ಲಿ ನಮ್ಮ ಗಮನವಿರುವುದು ಆ ಸೆರೆಯಾಳುಗಳ ಮೇಲೆ.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಚದುರಿಹೋದ ಕ್ರೈಸ್ತ ಸಮುದಾಯವನ್ನು ಮತ್ತೆ ಕಟ್ಟಲೆಂದು ಕರೆಬಂದಾಗ ದುಬುವಾ ಅವರಿಗೆ ಮೂವತ್ತಮೂರು ವರ್ಷ. ಬಿದ್ದ ಕೋಟೆಯ ಸುತ್ತಮುತ್ತ ಅವರು ಕಂಡದ್ದು ಹುತಾತ್ಮರ ಸಮೂಹವನ್ನಲ್ಲ. ವಿಶ್ವಾಸಕ್ಕಾಗಿ ಎದೆಯೊಡ್ಡಿ ನಿಂತವರು ಇಲ್ಲವೇ ಇಲ್ಲವೆನ್ನುವಷ್ಟು ವಿರಳವೆಂದು ಅವರು ಕಹಿಯಾಗಿಯೇ ಬರೆದರು. ಆದರೆ ಅದೇ ಬರಹದಲ್ಲಿ ಮತ್ತೊಂದು ಸಂಗತಿಯನ್ನೂ ದಾಖಲಿಸಿದರು. ಸೆರೆ ಬಿಟ್ಟ ಕೂಡಲೇ ಆ ಜನ ಗುರುಗಳನ್ನು ಹುಡುಕಿಕೊಂಡು ಬಂದರು. ತಾವು ತೊರೆದದ್ದು ಹೊರಗಿನ ಆಚಾರವನ್ನು ಮಾತ್ರ, ಕ್ರಿಸ್ತನನ್ನು ಎದೆಯಲ್ಲಿ ಉಳಿಸಿಕೊಂಡಿದ್ದೇವೆ ಎಂದು ಹೇಳಿ ಮರಳಿ ಸೇರಿಸಿಕೊಳ್ಳಬೇಕೆಂದು ಬೇಡಿದರು. ಅವರಲ್ಲಿ ಸುಮಾರು 2,000 ಮಂದಿ ದುಬುವಾ ಅವರ ಬಳಿಗೇ ಬಂದರು. 20,000ದಷ್ಟು ಜನ ಮಂಗಳೂರು ಕಡೆಗೆ ಹಿಂದಿರುಗಿ, ಕೆಡವಲ್ಪಟ್ಟ ದೇವಾಲಯಗಳನ್ನು ಮತ್ತೆ ಕಟ್ಟಿಕೊಂಡರು.

ಇಲ್ಲಿ ಸ್ವಲ್ಪ ನಿಲ್ಲೋಣ. ಇಂಥ ಸಂಕಟ ಧರ್ಮಸಭೆಗೆ ಹೊಸದಾಗಿರಲಿಲ್ಲ. ಕ್ರಿ.ಶ. 250ರಲ್ಲಿ ರೋಮನ್ ಚಕ್ರವರ್ತಿ ಡೇಸಿಯಸ್‌ನ ಹಿಂಸೆಗೆ ಹೆದರಿ ವಿಗ್ರಹಗಳಿಗೆ ಧೂಪವೆತ್ತಿದ ಸಹಸ್ರಾರು ಕ್ರೈಸ್ತರು ಹಿಂಸೆ ತಗ್ಗಿದ ಮೇಲೆ ದೇವಾಲಯದ ಬಾಗಿಲಿಗೆ ಬಂದು ನಿಂತಿದ್ದರು. ಬಿದ್ದವರಿಗೆ ಒಳಗೆ ಜಾಗವಿಲ್ಲ, ಧರ್ಮಸಭೆ ಶುದ್ಧರ ಕೂಟ ಎಂದು ರೋಮಿನ ನೊವಾಶಿಯನ್ ವಾದಿಸಿದನು. ಕಾರ್ತೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯನ್ನರು ಪ್ರಾಯಶ್ಚಿತ್ತದ ದಾರಿಯನ್ನು ತೆರೆದಿಟ್ಟರು. ಗೆದ್ದದ್ದು ಸಿಪ್ರಿಯನ್ನರ ಪಕ್ಷ. ತತ್ವಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಧರ್ಮಸಭೆಯ ಸ್ವರೂಪ ಯಾವುದು ಎಂಬ ಪ್ರಶ್ನೆ ಅಲ್ಲಿ ಇತ್ಯರ್ಥವಾಯಿತು. ಒಬ್ಬೊಬ್ಬರ ಧೈರ್ಯವನ್ನು ಕೂಡಿಸಿದರೆ ಬರುವ ಮೊತ್ತ ಅದಲ್ಲ. ದೇವರು ಮೊದಲು ಕರೆದದ್ದರಿಂದ ಜನಾಂಗವಾದವರು, ಜಾರಿದರೂ ಅದೇ ಕರೆಯನ್ನು ಹಿಡಿದು ಮರಳಬಲ್ಲರು. ಮೂರು ಸಲ ಯೇಸುಸ್ವಾಮಿಯನ್ನು ಅರಿಯೆನೆಂದ ಪೇತ್ರನ ಮೇಲೆ ಕಟ್ಟಿದ ಸಭೆಯಲ್ಲಿ ಬೇರೆ ತೀರ್ಪು ಸಾಧ್ಯವೂ ಇರಲಿಲ್ಲ. ದುಬುವಾ ಅವರು ಶ್ರೀರಂಗಪಟ್ಟಣದ ಪಾಳಿನ ನಡುವೆ ಮಾಡಿದ ಕೆಲಸ ಇದೇ: ನಾಚಿಕೊಂಡು ಬಂದವರನ್ನು ಒಳಗೆ ಕರೆದುಕೊಂಡದ್ದು. ಆ ಜನರ ಬಗ್ಗೆ ಅವರ ಲೇಖನಿ ಕಠೋರವಾಗಿತ್ತು, ಕೈ ಹಾಗಿರಲಿಲ್ಲ.

ಮರಳಿ ಬಂದವರಿಗೆ ನೆಲವಿರಲಿಲ್ಲ, ಎತ್ತಿರಲಿಲ್ಲ. ಹಸಿದವರಿಗೆ ಬರಿಯ ಉಪದೇಶ ಸಾಲದೆಂದು ಕಂಡುಕೊಂಡ ಅವರು ನಿರ್ಗತಿಕ ಕ್ರೈಸ್ತರಿಗಾಗಿ ಬೇಸಾಯದ ನೆಲೆಗಳನ್ನು ಸ್ಥಾಪಿಸಿದರು. ಅವುಗಳಲ್ಲಿ ಮುಖ್ಯವಾದದ್ದು ಹಾಸನದ ಬಳಿಯ ಸಾಥಳ್ಳಿ. ಇಂದು ಹಾಸನದತ್ತ ಪ್ರವಾಸ ಹೋಗುವವರು ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿ ಏಳುವ ಶೆಟ್ಟಿಹಳ್ಳಿಯ ಪಾಳು ದೇವಾಲಯದ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಅದು ದುಬುವಾ ಅವರ ತರುವಾಯ ಬಂದ ಫ್ರೆಂಚ್ ಗುರುಗಳು ಕಟ್ಟಿಸಿದ್ದು. ಅದಕ್ಕಿಂತ ಹಳೆಯ ಕಥೆಯನ್ನು ಹೊತ್ತ ಸಾಥಳ್ಳಿಯಲ್ಲಿ ನೋಡಲು ಪಾಳು ಗೋಡೆಗಳಿಲ್ಲ, ಬಾಳುತ್ತಿರುವ ಜನರಿದ್ದಾರೆ. ಬಹುಶಃ ಆ ಕಾರಣಕ್ಕೇ ಯಾರೂ ಅಲ್ಲಿ ಬಸ್ಸು ನಿಲ್ಲಿಸುವುದಿಲ್ಲ.

ಇನ್ನೊಂದು ಕೆಲಸ ಕ್ರೈಸ್ತರ ಎಲ್ಲೆಯನ್ನು ಮೀರಿದ್ದು. ಸಿಡುಬು ಆಗ ಊರಿಗೆ ಊರನ್ನೇ ಬರಿದು ಮಾಡುತ್ತಿತ್ತು. ಜೆನ್ನರ್ ಕಂಡುಹಿಡಿದ ಲಸಿಕೆ 1802ರ ಜೂನ್ ತಿಂಗಳಲ್ಲಿ ಮುಂಬಯಿಗೆ ಬಂದು ಮುಟ್ಟಿತು. ಅದು ಮೈಸೂರು ಸೀಮೆಗೆ ಬಂದ ಮೊದಲ ವರ್ಷಗಳಲ್ಲೇ ದುಬುವಾ ಹಳ್ಳಿಹಳ್ಳಿ ತಿರುಗಿ ಸಾವಿರಾರು ಜನರಿಗೆ ದೇವಿ ಹಾಕಿಸಿದರು. ಅಂದು ಲಸಿಕೆ ಶೀಷೆಯಲ್ಲಿ ಬರುತ್ತಿರಲಿಲ್ಲವೆಂಬುದನ್ನು ಇಂದಿನ ಓದುಗರು ನೆನೆಯಬೇಕು. ದೇವಿ ಹಾಕಿಸಿಕೊಂಡ ಮಗುವಿನ ತೋಳಿನಲ್ಲಿ ಎದ್ದ ಬೊಕ್ಕೆಯ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕಿತ್ತು. ಮೈಯಿಂದ ಮೈಗೆ ದಾಟದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಬೇರೆ ಜಾತಿಯ ಮೈಯ ರಸ ನಮ್ಮ ಮೈ ಸೇರಬಾರದೆಂಬ ಹಿಂಜರಿಕೆ ಎಲ್ಲೆಡೆ ಇತ್ತು. ಸರ್ಕಾರದ ಆಜ್ಞೆಗೆ ಮಣಿಯದ ಆ ಹಿಂಜರಿಕೆ ತಮ್ಮ ನಡುವೆ ತಮ್ಮಂತೆಯೇ ಬಾಳಿದ ಸ್ವಾಮಿಯೊಬ್ಬರ ಮಾತಿಗೆ ಸಡಿಲಿತು. ದೇವಿ ಹಾಕಿಸಿಕೊಂಡವರು ಯಾವ ಮತದವರೆಂದು ಅವರು ಕೇಳಲಿಲ್ಲ. ತನ್ನ ಎಲ್ಲೆಯ ಹೊರಗಿನವರ ಮಕ್ಕಳು ಬದುಕಲೆಂದು ದುಡಿಯುವುದು ಧರ್ಮಸಭೆಯ ಉದ್ದೇಶಕ್ಕೆ ಸೇರಿದ್ದೋ, ಹೊರಗಿನದೋ ಎಂದು ಗುರುಮಠಗಳಲ್ಲಿ ನಾವು ಗಂಟೆಗಟ್ಟಲೆ ಚರ್ಚಿಸಿದ್ದುಂಟು. ದುಬುವಾ ಅವರಿಗೆ ಆ ಚರ್ಚೆಗೆ ಬಿಡುವಿರಲಿಲ್ಲ.

ಅವರ ಹೆಸರನ್ನು ಜಗತ್ತಿನಾದ್ಯಂತ ಒಯ್ದದ್ದು ಈ ಕೆಲಸಗಳಲ್ಲ, ಒಂದು ಪುಸ್ತಕ. ಹಿಂದೂ ಜನರ ನಡೆನುಡಿ, ಆಚಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಅವರ ಶಿಫಾರಸಿನಂತೆ ಈಸ್ಟ್ ಇಂಡಿಯಾ ಕಂಪನಿ 2,000 ವರಾಹ ಕೊಟ್ಟು ಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದ ಹೊರಬಂತು. ಅದರ ಬಹುಪಾಲು ತಮಗಿಂತ ಹಿಂದೆ ಇದ್ದ ಯೇಸುಸಭೆಯ ಗುರು ಕೂರ್ದೂ ಅವರ ಹಸ್ತಪ್ರತಿಯಿಂದ ತೆಗೆದದ್ದೆಂದು 1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ತೋರಿಸಿಕೊಟ್ಟರು. ಋಣವನ್ನು ಹೇಳಿಕೊಳ್ಳದಿದ್ದುದು ತಪ್ಪೇ. ಆದರೆ ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ತಪ್ಪು ಬೇರೆ ಇದೆ.

ಜಾತಿಪದ್ಧತಿಯನ್ನು ದುಬುವಾ ಈ ದೇಶದ ಶಾಸನಕರ್ತರ ಶ್ರೇಷ್ಠ ಸೃಷ್ಟಿಯೆಂದು ಹೊಗಳಿದರು. ಅದಿಲ್ಲದಿದ್ದರೆ ಸಮಾಜ ಅನಾಗರಿಕತೆಗೆ ಬೀಳುತ್ತಿತ್ತೆಂದು ನಂಬಿದರು. ಹಳೆಯ ಮಿಷನ್ನುಗಳು ಮೇಲುಜಾತಿಯವರನ್ನು ಒಲಿಸಿಕೊಳ್ಳಲು ಪಾಲಿಸುತ್ತಿದ್ದ ಮಲಬಾರ್ ಆಚಾರಗಳನ್ನು ರೋಮ್ ನಿಷೇಧಿಸಿ, 1744ರಲ್ಲಿ ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು ಆ ನಿಷೇಧವನ್ನು ಬಿಗಿಗೊಳಿಸಿದ್ದರಿಂದಲೇ ಭಾರತದಲ್ಲಿ ಧರ್ಮಸಭೆ ಕ್ಷಯಿಸಿತೆಂಬುದು ಅವರ ದುಃಖಗಳಲ್ಲೊಂದು. ಅಂದಿನ ಅನೇಕ ದೇವಾಲಯಗಳಲ್ಲಿ ದಲಿತ ಕ್ರೈಸ್ತರಿಗೆ ಕೂರುವ ಜಾಗ ಬೇರೆ, ಹೂಳುವ ನೆಲ ಬೇರೆ ಇರುತ್ತಿತ್ತು. ಮಕ್ಕಳ ತೋಳಿನಿಂದ ತೋಳಿಗೆ ಜಾತಿಯ ಗೆರೆ ದಾಟಿಸಿದ ಆ ಕೈ ಅದೇ ಗೆರೆಯನ್ನು ಪುಸ್ತಕದಲ್ಲಿ ಕೊಂಡಾಡಿತು. ಕಾಲಧರ್ಮವೆಂದು ಇದನ್ನು ಮನ್ನಿಸಿಬಿಡುವುದು ನಮಗೆ ಸುಲಭ. ಆದರೆ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ದಲಿತ ಕ್ರೈಸ್ತರ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಧರ್ಮಸಭೆಯೊಳಗೇ ತಾರತಮ್ಯವಿದೆಯೆಂದು ಒಪ್ಪಿಕೊಂಡದ್ದು 2016ರಲ್ಲಿ. ದುಬುವಾ ಅವರ ತಪ್ಪನ್ನು ಎಣಿಸುವ ಹಕ್ಕು ನಮಗೆಷ್ಟಿದೆಯೆಂದು ಕೇಳಿಕೊಂಡೇ ಮುಂದೆ ಹೋಗಬೇಕು.

1823ರ ಜನವರಿಯಲ್ಲಿ, ಮೂವತ್ತೊಂದು ವರ್ಷಗಳ ತರುವಾಯ, ಅವರು ಭಾರತವನ್ನು ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಪುಸ್ತಕವಾಗಿ ಬಂದವು. ಮಿಷನ್ ಸಂಘಗಳು ದೊಡ್ಡ ದೊಡ್ಡ ಅಂಕಿಗಳನ್ನು ಮುದ್ರಿಸಿ ಕಾಣಿಕೆ ಎತ್ತುತ್ತಿದ್ದ ಕಾಲವದು. ದುಬುವಾ ತಮ್ಮ ಲೆಕ್ಕವನ್ನು ಮುಂದಿಟ್ಟರು: ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ, ಒಬ್ಬ ದೇಶೀಯ ಗುರುವಿನ ನೆರವಿನಿಂದ, ತಾವು ಹೊಸದಾಗಿ ಧರ್ಮಸಭೆಗೆ ಸೇರಿಸಿದವರು ಒಟ್ಟು ಇನ್ನೂರರಿಂದ ಮುನ್ನೂರು, ಅವರಲ್ಲಿ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರು ಅಥವಾ ಭಿಕ್ಷುಕರು. ಅವರಲ್ಲಿಯೂ ಅನೇಕರು ಮರಳಿ ಹೋದರು. ಹಿಂದೂಗಳು ಕ್ರೈಸ್ತರಾಗುವ ಮಾನವ ಸಾಧ್ಯತೆಯೇ ಇಲ್ಲ, ಕಾಲ ಮಿಂಚಿತು ಎಂಬುದು ಅವರ ತೀರ್ಮಾನ. ಪ್ರೊಟೆಸ್ಟೆಂಟ್ ಮಿಷನರಿಗಳು ಕೋಪಗೊಂಡರು. ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಮುಂದಿನ ವರ್ಷವೇ ಖಂಡನ ಗ್ರಂಥಗಳನ್ನು ಬರೆದರು. ನಮ್ಮವರು ಬಹಳ ಕಾಲ ಆ ಪುಸ್ತಕವನ್ನು ಮುಜುಗರದಿಂದ ಬದಿಗಿಟ್ಟರು.

ಅದನ್ನು ನಾವು ಒಂದಕ್ಕಿಂತ ಹೆಚ್ಚು ಬಾರಿ ಓದಿದ್ದೇವೆ. ನಮ್ಮನ್ನು ಪ್ರತಿ ಸಲವೂ ತಡೆದು ನಿಲ್ಲಿಸುವುದು ಅದರ ನಿರಾಶೆಯಲ್ಲ, ಒಂದೇ ಪುಸ್ತಕದಲ್ಲಿ ಒಂದೇ ಕೈ ಬರೆದಿಟ್ಟ ಎರಡು ಲೆಕ್ಕಗಳು. ತಾವು ಗೆದ್ದುಕೊಟ್ಟ ಮುನ್ನೂರು ಆತ್ಮಗಳ ಲೆಕ್ಕವನ್ನು ಧರ್ಮಸಭೆಯ ಲೆಕ್ಕವೆಂದು ಅವರು ಎಣಿಸಿದರು. ಹದಿನೈದು ವರ್ಷ ಗುರುವಿಲ್ಲದೆ, ಸಂಸ್ಕಾರಗಳಿಲ್ಲದೆ, ಹೊರಗೆ ಸೋತು ಒಳಗೆ ಉಳಿದು, ಯಾರೂ ಹೋಗಿ ಉಪದೇಶಿಸದೆ ತಾವಾಗಿಯೇ ಮರಳಿ ಬಂದ 2,000 ಮಂದಿಯನ್ನು ಅವರು ಸೋಲಿನ ಪಟ್ಟಿಯಲ್ಲಿ ಬರೆದರು. ಮಿಷನರಿ ಸೇರಿಸಿದವರು ಮಾತ್ರ ಧರ್ಮಸಭೆಯಾದರೆ ಅವರ ಲೆಕ್ಕ ಸರಿ. ದೇವರು ಹಿಡಿದುಕೊಂಡವರು ಧರ್ಮಸಭೆಯಾದರೆ ಆ ಎರಡನೆಯ ಲೆಕ್ಕವನ್ನು ಬೇರೆ ಪುಟದಲ್ಲಿ ಬರೆಯಬೇಕಿತ್ತು. ಅಸ್ಪೃಶ್ಯರು, ಭಿಕ್ಷುಕರು ಎಂದು ಅವರು ನಿಟ್ಟುಸಿರಿಟ್ಟು ಎಣಿಸಿದವರ ವಿಷಯದಲ್ಲಿಯೂ ಅಷ್ಟೇ: ಯೇಸುಸ್ವಾಮಿಯ ಔತಣದ ಸಾಮತಿಯಲ್ಲಿ ಬೀದಿ ಬೇಲಿಗಳಿಂದ ಕರೆತಂದವರು ಯಾರೆಂಬುದನ್ನು ಅವರಿಗೆ ನೆನಪಿಸುವವರು ಹತ್ತಿರದಲ್ಲಿರಲಿಲ್ಲ.

ದೂರದ ಕೊರಿಯಾದಲ್ಲಿ ಅದೇ 1784ರಲ್ಲಿ ನಡೆದದ್ದನ್ನು ಇಲ್ಲಿ ಹೇಳದಿರಲಾಗದು. ಬೀಜಿಂಗಿನಲ್ಲಿ ದೀಕ್ಷಾಸ್ನಾನ ಪಡೆದು ಆ ವರ್ಷ ಊರಿಗೆ ಮರಳಿದ ಯಿ ಸೂಂಗ್ ಹುನ್ ಎಂಬ ಶ್ರೀಸಾಮಾನ್ಯ ವಿಶ್ವಾಸಿ ತನ್ನ ಗೆಳೆಯರಿಗೆ ದೀಕ್ಷಾಸ್ನಾನ ಕೊಟ್ಟನು. ಗುರುವಿನ ಮುಖ ಕಾಣದೆಯೇ ಅಲ್ಲಿ ಧರ್ಮಸಭೆ ಹುಟ್ಟಿತು. ಕೆನರಾದ ಸೆರೆಯಾಳುಗಳು ಘಟ್ಟ ಹತ್ತಿದ ವರ್ಷವೂ ಅದೇ. ಎರಡೂ ಕಡೆ ಜನರಿದ್ದರು, ಗುರುಗಳಿರಲಿಲ್ಲ.

ದುಬುವಾ ಅವರ ಜೀವನದ ಕೊನೆಯ ಭಾಗ ನಮಗೆ ವಿಚಿತ್ರವಾಗಿ ತೋರುತ್ತದೆ. ಭಾರತದಲ್ಲಿ ಆಶೆಯಿಲ್ಲವೆಂದು ಬರೆದ ಅದೇ ಮನುಷ್ಯ ಪ್ಯಾರಿಸ್ಸಿಗೆ ಮರಳಿ ತಮ್ಮ ಸಂಘದ ಗುರುಮಠದಲ್ಲಿ ನಿರ್ದೇಶಕರಾದರು, 1836ರಿಂದ 1839ರವರೆಗೆ ಸಂಘದ ಮುಖ್ಯಸ್ಥರೇ ಆದರು. ಏಷ್ಯಕ್ಕೆ ತೆರಳುವ ತರುಣ ಗುರುಗಳನ್ನು ಬೀಳ್ಕೊಡುವ ಮನೆಗೆ ಅವರೇ ಯಜಮಾನರು. ಆ ವರ್ಷಗಳಲ್ಲೇ ಸಂಘದ ಮೊದಲ ಗುರುಗಳು ಕೊರಿಯಾವನ್ನು ಗುಟ್ಟಾಗಿ ಹೊಕ್ಕು ಅಲ್ಲಿಯ ಗುರುವಿಲ್ಲದ ಜನರನ್ನು ಸೇರಿದರು. 1839ರ ಸೆಪ್ಟೆಂಬರ್ 21ರಂದು ಅವರಲ್ಲಿ ಮೂವರ ಶಿರಚ್ಛೇದವಾಯಿತು. ನಿರಾಶೆಯನ್ನು ಬರೆದ ಲೇಖನಿ ತನ್ನ ಮಾತನ್ನು ಹಿಂತೆಗೆದುಕೊಂಡಿತೆಂದು ನಾವು ಹೇಳೆವು. ಅವರ ಪಾದಗಳು ಮಾತ್ರ ಆ ಮನೆಯನ್ನು ಬಿಡಲಿಲ್ಲ.

ಅವರು ಕಾಣದೆ ಹೋದ ಗಂಟು ಬಿಚ್ಚಿದ್ದು ನೂರಾ ನಲವತ್ತು ವರ್ಷಗಳ ಮೇಲೆ. 1964ರ ನವೆಂಬರ್ 21ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಧರ್ಮಸಭೆಯನ್ನು ಕುರಿತ ಸಂವಿಧಾನವನ್ನು ಪ್ರಕಟಿಸಿತು. ಅದರಲ್ಲಿ ದೇವಜನರನ್ನು ಕುರಿತ ಅಧ್ಯಾಯ ಎರಡನೆಯದು. ಧರ್ಮಾಧ್ಯಕ್ಷರು, ಗುರುಗಳನ್ನು ಕುರಿತದ್ದು ಮೂರನೆಯದು. ಈ ಅನುಕ್ರಮ ತಾನಾಗಿ ಬಂದದ್ದಲ್ಲ, ಮಹಾಸಭೆಯಲ್ಲಿ ವಾದ ನಡೆದು ಬಂದದ್ದು. ಮೊದಲು ಜನ, ಆಮೇಲೆ ಅವರ ಸೇವೆಗೆ ನಿಂತವರು. ನಮ್ಮಂಥ ಗುರುಗಳಿಗೆ ಈ ಪುಟಸಂಖ್ಯೆಗಳನ್ನು ಆಗಾಗ ನೆನಪಿಸುವುದು ಒಳ್ಳೆಯದು.

1848ರ ಫೆಬ್ರವರಿ 17ರಂದು ದುಬುವಾ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ವಯಸ್ಸು ಎಂಬತ್ತು ದಾಟಿತ್ತು. ಒಂದು ಕ್ರಾಂತಿಯ ನಡುವೆ ಊರು ಬಿಟ್ಟವರು ಇನ್ನೊಂದು ಕ್ರಾಂತಿಗೆ ಐದು ದಿನ ಮುಂಚೆ ಕಣ್ಮುಚ್ಚಿದರು. ಎರಡು ವರ್ಷಗಳ ಬಳಿಕ ಮೈಸೂರು ಪ್ರತ್ಯೇಕ ಪ್ರೇಷಿತ ವಿಕಾರಿಯತ್ತಾಯಿತು, 1886ರಲ್ಲಿ ಧರ್ಮಪ್ರಾಂತ್ಯವಾಯಿತು, 1940ರಲ್ಲಿ ಅದರಿಂದ ಬೆಂಗಳೂರು ಧರ್ಮಪ್ರಾಂತ್ಯ ಬೇರ್ಪಟ್ಟಿತು. ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕದ ಜಾಗದಲ್ಲಿ ದೊಡ್ಡ ಸ್ವಾಮಿಗಳು ಹುಲ್ಲುಮಾಡಿನ ಗುಡಿಯೊಂದರಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದರೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಅವರ ಸಂಘ ಪುದುಚೇರಿಯಲ್ಲಿ ನಡೆಸುತ್ತಿದ್ದ ಗುರುಮಠ 1934ರಲ್ಲಿ ನಮ್ಮ ಮಲ್ಲೇಶ್ವರಕ್ಕೆ ಬಂದು, ಇಂದಿಗೂ ಅಲ್ಲಿಯೇ ಈ ನಾಡಿನ ತರುಣರನ್ನು ಗುರುಗಳನ್ನಾಗಿ ಸಿದ್ಧಗೊಳಿಸುತ್ತಿದೆ.

ಈ ವರ್ಷದ ನಮ್ಮ ಪಟ್ಟಿ ಸಿದ್ಧವಾಗಿದೆ. ಅದರಲ್ಲಿ ಸ್ವಂತ ಊರು ಎಂಬ ಅಂಕಣದಲ್ಲಿ ಸಾಥಳ್ಳಿ ಎಂದು ಬರೆಸಿದ ಮೂರು ಕುಟುಂಬಗಳಿವೆ.